ಹೊಸ ಸಭೆಯೂ ಹಳೆಯ ಊರೂ

ಹೋದ ಮಳೆಗಾಲದ ಒಂದು ಸಂಜೆ ಮಂಗಳೂರಿನ ಮಿತ್ರರೊಬ್ಬರ ಮನೆಯ ಚಾವಡಿಯಲ್ಲಿ ನಡೆದ ಮಾತುಕತೆಯೊಂದು ಈ ಲೇಖನಕ್ಕೆ ನಿಮಿತ್ತವಾಗಿದೆ. ಮನೆಯವರಿಗೆ ಪರಿಚಿತರಾದ ತರುಣರೊಬ್ಬರು ಅಲ್ಲಿಗೆ ಬಂದಿದ್ದರು. ಒಳ್ಳೆಯ ವಿದ್ಯಾವಂತರು, ವಿನಯಶಾಲಿಗಳು. ಕೈತುಂಬ ಸಂಬಳ ಬರುತ್ತಿದ್ದ ಉದ್ಯೋಗವನ್ನು ಬಿಟ್ಟು, ನಗರದ ಅಂಚಿನಲ್ಲಿ ಹೊಸದಾಗಿ ಬೆಳೆದ ಬಡಾವಣೆಯೊಂದರಲ್ಲಿ ಕ್ರೈಸ್ತರ ಹೊಸ ಸಭೆಯೊಂದನ್ನು ಸ್ಥಾಪಿಸಿ ಸುತ್ತಲಿನ ಜನರಿಗೆ ಸೇವೆ ಸಲ್ಲಿಸಬೇಕೆಂಬ ಸಂಕಲ್ಪವನ್ನು ತೊಟ್ಟವರು. ಮೊದಲನೆಯ ವರ್ಷದ ವೆಚ್ಚದ ಅಂದಾಜುಪಟ್ಟಿಯನ್ನು ಅವರು ಸಂಕೋಚದಿಂದಲೇ ನಮ್ಮ ಮುಂದಿಟ್ಟರು. ಸಭಾಭವನದ ಬಾಡಿಗೆ, ಇನ್ನೂರು ಕುರ್ಚಿ, ಧ್ವನಿವರ್ಧಕ, ವಾದ್ಯಗಳು, ವೇದಿಕೆಯ ಅಲಂಕಾರ, ಕರಪತ್ರ, ನಾಮಫಲಕ ಎಂದು ಒಂದು ಪುಟ ತುಂಬಿ, ಕಟ್ಟಕಡೆಗೆ ಒಂದು ಸಣ್ಣ ಮೊತ್ತ. ಅದರೆದುರಿಗೆ ‘ಸಮಾಜಸೇವೆ, ಜನರನ್ನು ಆಕರ್ಷಿಸುವುದಕ್ಕಾಗಿ’ ಎಂದು ಬರೆದಿತ್ತು.

ಆರಾಮಕುರ್ಚಿಯಲ್ಲಿ ಒರಗಿದ್ದ ವೃದ್ಧ ವಕೀಲರೊಬ್ಬರು ಪಟ್ಟಿಯನ್ನು ಕನ್ನಡಕದ ಹತ್ತಿರ ಹಿಡಿದು ಓದಿ, “ಮೇಲಿನದೆಲ್ಲ ದೋಣಿ, ಕೆಳಗಿನ ಸಾಲು ಗಾಳ” ಎಂದರು. ಚಾವಡಿಯಲ್ಲಿದ್ದವರು ನಕ್ಕರು. ತರುಣರ ಮುಖ ಬಾಡಿತು. ಅವರಿಗೆ ಉತ್ತರ ಹೊಳೆಯಲಿಲ್ಲ. ಹೊಳೆಯುವಂತೆಯೂ ಇರಲಿಲ್ಲ, ಏಕೆಂದರೆ ಗಾಳವೆಂಬ ಮಾತನ್ನು ವಕೀಲರು ಬಾಯಿಯಿಂದ ಹೇಳುವುದಕ್ಕೆ ಮೊದಲೇ ಅವರು ತಮ್ಮ ಕೈಯಿಂದ ಬರೆದಿಟ್ಟಿದ್ದರು.

ಆ ದಿನ ನಾನು ಹೆಚ್ಚೇನೂ ಆಡಲಿಲ್ಲ. ಮನೆಗೆ ಬಂದು ಯೋಚಿಸಿದಾಗ, ಪರಸ್ಪರ ವಿರೋಧಿಗಳಂತೆ ಕಂಡ ಆ ಇಬ್ಬರೂ ವಾಸ್ತವದಲ್ಲಿ ಒಂದೇ ಪಕ್ಷದವರೆಂದು ನನಗೆ ತೋರಿತು. ಸೇವೆಯೆಂಬುದು ಜನರನ್ನು ಕೂಡಿಸುವ ಉಪಾಯವೆಂದು ತರುಣರು ನಂಬಿದ್ದಾರೆ. ಸೇವೆಯೆಂಬುದು ಜನರನ್ನು ಕೂಡಿಸುವ ಉಪಾಯವೇ ಹೊರತು ಬೇರಲ್ಲವೆಂದು ವಕೀಲರು ನಂಬಿದ್ದಾರೆ. ಒಬ್ಬರಿಗೆ ಅದು ಒಳ್ಳೆಯದಾಗಿಯೂ ಇನ್ನೊಬ್ಬರಿಗೆ ಕೆಟ್ಟದ್ದಾಗಿಯೂ ಕಾಣುತ್ತದೆ; ವ್ಯತ್ಯಾಸ ಅಷ್ಟೇ. ಈ ಎರಡನ್ನೂ ಪೂರ್ವಪಕ್ಷವಾಗಿಟ್ಟುಕೊಂಡು, ನಗರದಲ್ಲಿ ಹುಟ್ಟುವ ಹೊಸ ಸಭೆಗೆ ನಗರದೊಡನೆ ಯಾವ ಸಂಬಂಧವಿರಬೇಕೆಂಬುದನ್ನು ವಿಚಾರಿಸುವುದು ಇಲ್ಲಿ ನನ್ನ ಉದ್ದೇಶ. ನಾನು ಕ್ರೈಸ್ತನಲ್ಲ, ಆದರೆ ನನ್ನ ಮನೆಯ ಮಾಡಿನ ಹಂಚೂ ನನ್ನ ಮೇಜಿನ ಮೇಲಿನ ನಿಘಂಟುವೂ ಒಂದು ಕ್ರೈಸ್ತ ಸಭೆಯ ಆರಂಭದ ಕಥೆಗೆ ಸೇರಿದವುಗಳಾದುದರಿಂದ, ಮಾತನಾಡಲು ನನಗೆ ಅಷ್ಟುಮಟ್ಟಿನ ಅಧಿಕಾರವುಂಟೆಂದು ಭಾವಿಸುತ್ತೇನೆ.

ಮೊದಲು ಶಬ್ದದ ಮಾತು. ನಮ್ಮ ಜಿಲ್ಲೆಯಲ್ಲಿ ರೋಮನ್ ಕತೋಲಿಕರ ದೇವಾಲಯವನ್ನು ಇಗರ್ಜಿಯೆನ್ನುವುದು ರೂಢಿ. ಅದು ಪೋರ್ಚುಗೀಸರಿಂದ ಬಂದ ಮಾತು. ಪ್ರೊಟೆಸ್ಟಂಟರು ಕಟ್ಟಡವನ್ನು ದೇವಾಲಯವೆಂದೂ ಅದರಲ್ಲಿ ಸೇರುವ ಜನರನ್ನು ಸಭೆಯೆಂದೂ ಹೇಳುವರು. ಇಗರ್ಜಿಯೆಂಬ ಮಾತಿನ ಬೇರು ಗ್ರೀಕರ ‘ಎಕ್ಲೇಸಿಯಾ’. ಕ್ರೈಸ್ತಮತ ಹುಟ್ಟುವುದಕ್ಕೆ ಶತಮಾನಗಳ ಹಿಂದೆಯೇ ಅಥೆನ್ಸ್ ನಗರದಲ್ಲಿ ಆ ಹೆಸರಿನ ಸಭೆ ಕೂಡುತ್ತಿತ್ತು. ಊರಿನ ಪೌರರು ಊರಿನ ಕೆಲಸವನ್ನು ವಿಚಾರಿಸುವುದಕ್ಕಾಗಿ ಒಟ್ಟುಗೂಡುತ್ತಿದ್ದ ಸಭೆ ಅದು. ಹೆಸರನ್ನು ನಗರದಿಂದ ಸಾಲವಾಗಿ ಪಡೆದವರು ನಗರಕ್ಕೆ ಏನನ್ನಾದರೂ ಹಿಂದಕ್ಕೆ ಕೊಡಬೇಕೆಂಬುದು ನ್ಯಾಯವೇ ಸರಿ. ಇರಲಿ, ಶಬ್ದದಿಂದ ಕರ್ತವ್ಯವನ್ನು ಸಾಧಿಸುವುದು ಪಂಡಿತರ ವಿನೋದ. ನಮ್ಮ ಊರಿನಲ್ಲಿ ಏನು ನಡೆಯಿತೆಂಬುದನ್ನು ನೋಡೋಣ.

ಹೊಸ ಸಭೆಯೊಂದು ಏನೂ ಇಲ್ಲದಲ್ಲಿಂದ ಆರಂಭವಾದುದಕ್ಕೆ ಮಂಗಳೂರಿನ ಬಾಸೆಲ್ ಮಿಶನ್ನಿಗಿಂತ ಸ್ಪಷ್ಟವಾದ ನಿದರ್ಶನ ನಮಗೆ ಬೇಕಿಲ್ಲ. ಕಂಪೆನಿ ಸರಕಾರದ ಸನ್ನದು ೧೮೩೩ರಲ್ಲಿ ನವೀಕರಣವಾದಾಗ, ಆಂಗ್ಲರಲ್ಲದ ಮಿಶನರಿಗಳಿಗೂ ಈ ದೇಶದಲ್ಲಿ ಕೆಲಸ ಮಾಡಲು ದಾರಿ ತೆರೆಯಿತು. ಮರುವರ್ಷವೇ, ೧೮೩೪ರ ಅಕ್ಟೋಬರದಲ್ಲಿ, ಹೇಬಿಕ್, ಲೆಹ್ನರ್, ಗ್ರೈನರ್ ಎಂಬ ಮೂವರು ಪಶ್ಚಿಮ ಕರಾವಳಿಯಲ್ಲಿ ಇಳಿದು ತಿಂಗಳ ಕೊನೆಗೆ ಮಂಗಳೂರನ್ನು ಸೇರಿದರು. ಊರಿನ ಭಾಷೆ ಬಾರದು, ಊರಿನವರ ಪರಿಚಯವಿಲ್ಲ. ಇಂದು ಬಲ್ಮಠದಲ್ಲಿ ನಾವು ಕಾಣುವ ಶಾಂತಿ ದೇವಾಲಯವು ಕಟ್ಟಲ್ಪಟ್ಟುದು ೧೮೬೨ರಲ್ಲಿ. ನಡುವಣ ಇಪ್ಪತ್ತೆಂಟು ವರ್ಷ ಅವರು ಪ್ರಾರ್ಥನೆ ಮಾಡದೆ ಇದ್ದರೆಂದಲ್ಲ. ಆದರೆ ಅಷ್ಟರೊಳಗೆ ಆಗಿಹೋಗಿದ್ದ ಕೆಲಸಗಳನ್ನು ನೋಡಿರಿ. ೧೮೩೮ರ ಹೊತ್ತಿಗೆ ಶಾಲೆ. ೧೮೪೧ರಲ್ಲಿ ಕಲ್ಲಚ್ಚಿನ ಮುದ್ರಣಾಲಯ. ೧೮೪೩ರ ಜುಲೈ ಮೊದಲನೆಯ ತಾರೀಖಿಗೆ ಮ್ಯೋಗ್ಲಿಂಗರ ‘ಮಂಗಳೂರ ಸಮಾಚಾರ’. ಕನ್ನಡದ ಮೊದಲ ವೃತ್ತಪತ್ರಿಕೆಯೆಂದು ಇಂದಿಗೂ ನಾವು ಹಬ್ಬ ಮಾಡುವುದು ಅದರ ದಿನವನ್ನೇ. ೧೮೪೮ರಿಂದ ಮುಂದಕ್ಕೆ ಬಸವಪುರಾಣ, ಜೈಮಿನಿ ಭಾರತ, ದಾಸರ ಪದಗಳು ಮೊದಲಾದುವು ಓಲೆಗರಿಯಿಂದ ಅಚ್ಚಿನ ಹಾಳೆಗೆ ಇಳಿದುವು.

ಇಲ್ಲಿ ಸ್ವಲ್ಪ ನಿಲ್ಲಬೇಕು. ಮಿಶನ್ನಿನ ಮುದ್ರಣಾಲಯದಲ್ಲಿ ದಾಸರ ಪದಗಳೇಕೆ? ಜನರ ಭಾಷೆಯನ್ನು ಕಲಿಯುವುದಕ್ಕೆ, ಅವರ ಮತವನ್ನು ಅರಿಯುವುದಕ್ಕೆ, ಅರಿತು ಖಂಡಿಸುವುದಕ್ಕೆ ಎಂದು ವಕೀಲರು ಹೇಳಬಹುದು. ಹೇಳಲಿ. ಅವರ ಮನಸ್ಸಿನಲ್ಲಿ ಅದೂ ಇದ್ದಿತೆಂಬುದನ್ನು ನಾನು ಅಲ್ಲಗಳೆಯೆನು. ಆದರೆ ಅಚ್ಚಾದ ಪುಸ್ತಕಕ್ಕೆ ಒಂದು ಸ್ವಭಾವವುಂಟು: ಅಚ್ಚು ಹಾಕಿಸಿದವನ ಉದ್ದೇಶವನ್ನು ಅದು ಓದುವವನ ಮನೆಯವರೆಗೆ ಹೊತ್ತುಕೊಂಡು ಹೋಗುವುದಿಲ್ಲ. ದಾಸರ ಪದವನ್ನು ಕೊಂಡವನು ಅದನ್ನು ತನ್ನ ದೇವರ ಕೋಣೆಯಲ್ಲಿ ಹಾಡಿದನು. ಅದಕ್ಕಾಗಿ ಅವನು ಯಾರ ಸಭೆಗೂ ಹೋಗಬೇಕಾಗಲಿಲ್ಲ. ಕಿಟೆಲರ ವಿಷಯ ಇನ್ನೂ ದೊಡ್ಡದು. ೧೮೫೩ರಲ್ಲಿ ಈ ದೇಶಕ್ಕೆ ಬಂದ ಆ ಮಹನೀಯರು ಸುಮಾರು ಎಪ್ಪತ್ತು ಸಾವಿರ ಶಬ್ದಗಳ ನಿಘಂಟುವನ್ನು ೧೮೯೪ರಲ್ಲಿ ಮಂಗಳೂರಿನಿಂದ ಹೊರತಂದರು. ಮಿಶನ್ನಿನೊಳಗೇ ಅವರ ಈ ಪಾಂಡಿತ್ಯದ ಒಲವನ್ನು ಮೆಚ್ಚದವರಿದ್ದರು. ಧರ್ಮಬೋಧೆಗೆಂದು ಬಂದವನು ಪಂಪನ ಪ್ರಯೋಗವನ್ನೂ ಕೇಶಿರಾಜನ ಸೂತ್ರವನ್ನೂ ಹುಡುಕುತ್ತ ಕುಳಿತರೆ ಸಭೆ ಬೆಳೆಯುವುದೆಂತು ಎಂಬ ಆಕ್ಷೇಪವು ಅಸಹಜವೂ ಅಲ್ಲ. ಆದರೆ ಇಂದು ಕನ್ನಡ ನಾಡಿನಲ್ಲಿ ಆ ಮಿಶನ್ನಿನ ಹೆಸರು ಯಾರ ನಾಲಗೆಯ ಮೇಲಾದರೂ ಗೌರವದಿಂದ ಬರುವುದಾದರೆ, ಅದು ಆ ನಿಘಂಟಿನ ದೆಸೆಯಿಂದಲೇ ಹೆಚ್ಚಾಗಿ ಬರುತ್ತದೆ. ಅದನ್ನು ತೆರೆಯುವವನ ಜಾತಿಮತಗಳನ್ನು ಯಾರೂ ಕೇಳುವುದಿಲ್ಲವಷ್ಟೆ.

ಈಗ ಮತ್ತೊಂದು ಮುಖ. ಸೇವೆಯ ಹೆಸರಿನಲ್ಲಿ ನಡೆದುದೆಲ್ಲವೂ ಇಷ್ಟು ನಿರ್ಮಲವಾಗಿತ್ತೆಂದು ಹೇಳಿದರೆ ನಾನು ಚರಿತ್ರೆಯನ್ನು ವಂಚಿಸಿದಂತಾಗುವುದು. ೧೮೪೪ರಲ್ಲಿ ಮಿಶನ್ನಿನ ಆಂಗ್ಲ ಶಾಲೆಯಲ್ಲಿ ಓದುತ್ತಿದ್ದ ಬ್ರಾಹ್ಮಣ ತರುಣರು, ಅವರಲ್ಲಿ ಮುಖ್ಯರಾದವರು ಆನಂದರಾವ್ ಕೌಂಡಿನ್ಯರು, ಕ್ರೈಸ್ತದೀಕ್ಷೆಯನ್ನು ಪಡೆದರು. ಊರು ಕದಡಿಹೋಯಿತು. ವಿದ್ಯೆಗೆಂದು ಮಕ್ಕಳನ್ನು ಕಳುಹಿಸಿದ ತಂದೆತಾಯಿಗಳು ಮಕ್ಕಳನ್ನು ಹಿಂದಕ್ಕೆ ಕರೆಸಿಕೊಂಡರು. ಆ ತರುಣರಿಗೆ ತಮ್ಮ ಮನಸ್ಸಾಕ್ಷಿಯಂತೆ ನಡೆಯುವ ಹಕ್ಕು ಇರಲಿಲ್ಲವೆಂದು ನಾನು ಹೇಳುವುದಿಲ್ಲ. ಕೌಂಡಿನ್ಯರು ತಮ್ಮ ಆಯುಷ್ಯವನ್ನೆಲ್ಲ ಆ ದಾರಿಯಲ್ಲೇ ಸವೆಸಿ, ಅದು ಕ್ಷಣಿಕ ಚಾಪಲ್ಯವಲ್ಲವೆಂದು ತೋರಿಸಿಕೊಟ್ಟರು. ಶಾಲೆಯ ಉದ್ದೇಶವೂ ಮತಪ್ರಸಾರವೇ ಎಂಬುದನ್ನು ಮಿಶನ್ನಿನವರು ಬಚ್ಚಿಟ್ಟವರೂ ಅಲ್ಲ. ಹಾಗಾದರೆ ಕೆಟ್ಟದ್ದು ಯಾವುದು? ಊರಿಗೂ ಶಾಲೆಗೂ ನಡುವೆ ಇದ್ದ ವಿಶ್ವಾಸ. ಅಂದು ಹುಟ್ಟಿದ ಸಂಶಯವೇ ನೂರೆಂಭತ್ತು ವರ್ಷಗಳ ಮೇಲೆ ನಮ್ಮ ಮಿತ್ರರ ಚಾವಡಿಯಲ್ಲಿ ಕುಳಿತು ನಕ್ಕಿತು. ವಕೀಲರ ಮಾತು ಒರಟಾಗಿರಬಹುದು, ಆದರೆ ಬೇರಿಲ್ಲದ ಮಾತಲ್ಲ.

ಇದಕ್ಕಿಂತಲೂ ಸೂಕ್ಷ್ಮವಾದುದು ಕಾರ್ಖಾನೆಗಳ ಕಥೆ. ತುಳುನಾಡಿನಲ್ಲಿ ಸಭೆಯನ್ನು ಸೇರಿದವರಲ್ಲಿ ಬಹುಮಂದಿ ಬಿಲ್ಲವರು. ಕಳ್ಳು ಇಳಿಸುವುದು ಅವರಲ್ಲಿ ಅನೇಕರ ಕಸುಬು. ಮಿಶನ್ನಿನವರು ಅದನ್ನು ಒಪ್ಪಲಿಲ್ಲ. ಗೇಣಿಗೆ ಹಿಡಿದ ಭೂಮಿ ಧಣಿಗಳದ್ದು. ಮತವನ್ನು ಬಿಟ್ಟವನಿಗೆ ಗೇಣಿಯೂ ತಪ್ಪುತ್ತಿತ್ತು. ಜಾತಿ ಹೋಯಿತು, ಕಸುಬು ಹೋಯಿತು, ಮನೆಯೂ ಹೋಯಿತು. ಹೀಗೆ ಬೀದಿಗೆ ಬಂದ ಕುಟುಂಬವನ್ನು ಎದುರಿಗಿಟ್ಟುಕೊಂಡು ಪ್ರಾರ್ಥನೆಯೊಂದನ್ನೇ ಮಾಡುತ್ತ ಕುಳಿತುಕೊಳ್ಳುವುದು ಮನುಷ್ಯತ್ವವಲ್ಲ. ಮಿಶನ್ನಿನವರು ಬಡಗಿಯ ಕೆಲಸ, ಗಡಿಯಾರದ ಕೆಲಸ, ಪುಸ್ತಕ ಕಟ್ಟುವ ಕೆಲಸ ಎಂದು ಒಂದೊಂದನ್ನೇ ಪರೀಕ್ಷಿಸಿ, ಕಡೆಗೆ ನೆಯ್ಗೆಯಲ್ಲಿಯೂ ಹಂಚಿನಲ್ಲಿಯೂ ನೆಲೆ ಕಂಡರು. ಬಲ್ಮಠದ ನೆಯ್ಗೆಶಾಲೆಯಲ್ಲಿ ಹಾಲರರು ಗೇರಿನಿಂದ ಬಣ್ಣ ತೆಗೆದು ಖಾಕಿ ಬಟ್ಟೆಯನ್ನು ಮಾಡಿದರೆಂಬುದು ಪ್ರಸಿದ್ಧವಾಗಿದೆ. ೧೮೬೫ರಲ್ಲಿ ಪ್ಲೆಬ್ಸ್ಟರು ನೇತ್ರಾವತಿಯ ದಡದ ಜೆಪ್ಪಿನಲ್ಲಿ ಹಂಚಿನ ಕಾರ್ಖಾನೆಯನ್ನು ತೆರೆದರು. ನನ್ನ ಮನೆಯ ಹಂಚಿನ ಬೆನ್ನ ಮೇಲೆ ಇಂಗ್ಲಿಷಿನಲ್ಲಿ ಬಾಸೆಲ್ ಮಿಶನ್ನಿನ ಹೆಸರೂ ೧೮೬೫ ಎಂಬ ಅಂಕಿಯೂ ಇವೆ. ಮನೆ ನೋಡಬಂದವರು ಅದನ್ನು ಓದಿ, ಇಷ್ಟು ಹಳೆಯ ಮನೆಯೇ ಎಂದು ಬೆರಗಾಗುವರು! ಅದು ಕಾರ್ಖಾನೆ ಹುಟ್ಟಿದ ವರ್ಷವೇ ಹೊರತು ಹಂಚು ಸುಟ್ಟ ವರ್ಷವಲ್ಲವೆಂದು ನಾನು ಪ್ರತಿಸಾರಿಯೂ ಹೇಳಬೇಕಾಗುತ್ತದೆ. ಹೇಳದೆ ಸುಮ್ಮನಿದ್ದುದೂ ಉಂಟು.

ಅನ್ನ ಕೊಟ್ಟುದು ಪುಣ್ಯವೇ. ಆದರೆ ಅನ್ನ ಕೊಡುವ ಕೈಯೂ ತೀರ್ಥ ಕೊಡುವ ಕೈಯೂ ಒಂದೇ ಆದಾಗ ಏನಾಗುವುದೆಂಬುದನ್ನು ಯೋಚಿಸಿರಿ. ಒಬ್ಬನಿಗೆ ಸಭೆಯ ಹಿರಿಯರೇ ಕೆಲಸ ಕೊಡುವ ಯಜಮಾನರು, ಅವರೇ ಮನೆಯ ನಿವೇಶನದ ಒಡೆಯರು, ನಡತೆ ತಪ್ಪಿದರೆ ವಿಚಾರಿಸತಕ್ಕವರೂ ಅವರೇ. ಅಂಥವನು ಭಾನುವಾರ ದೇವಾಲಯಕ್ಕೆ ಬಂದುದು ಭಕ್ತಿಯಿಂದಲೋ ಸೋಮವಾರದ ಕೂಲಿಯ ನೆನಪಿನಿಂದಲೋ? ಹೊರಗಿನವರು ಹೇಳಲಾರರು, ಯಜಮಾನನೂ ಹೇಳಲಾರನು, ಕೆಲವು ವರ್ಷಗಳ ಮೇಲೆ ಆ ಬಡವನಿಗೇ ತನ್ನ ಮನಸ್ಸು ತಿಳಿಯದೆ ಹೋಗುವುದು. ಇದೇ ಈ ಬಗೆಯ ಉಪಕಾರದ ಕ್ರೌರ್ಯ: ಅದು ಮನುಷ್ಯನ ಹೊಟ್ಟೆಯನ್ನು ತುಂಬಿ ಅವನ ನಂಬಿಕೆಯನ್ನು ಸಂದೇಹಕ್ಕೆ ಗುರಿಮಾಡುತ್ತದೆ. ಮಿಶನ್ನಿನವರಿಗೇ ಈ ಕಷ್ಟ ತಿಳಿಯದೆ ಇರಲಿಲ್ಲ. ಧರ್ಮಕಾರ್ಯದೊಡನೆ ವ್ಯಾಪಾರ ಬೆರೆಯಬಹುದೇ ಎಂಬ ವಿವಾದ ಅವರೊಳಗೇ ನಡೆದಿತ್ತು. ೧೮೫೯ರಲ್ಲಿ ವ್ಯಾಪಾರಕ್ಕೆಂದು ಪ್ರತ್ಯೇಕ ಕಂಪೆನಿಯನ್ನು ಸ್ಥಾಪಿಸಿದರು. ಆದರೂ ಊರಿನ ಕಣ್ಣಿಗೆ ಎರಡೂ ಒಂದೇ ಆಗಿ ಕಂಡುವು.

ಆ ಬಳಿಕ ೧೯೧೪ರ ಮಹಾಯುದ್ಧ ಬಂದಿತು. ಜರ್ಮನರಾದ ಮಿಶನರಿಗಳು ಶತ್ರುದೇಶದವರೆನಿಸಿ ಬಂಧನಕ್ಕೆ ಒಳಗಾದರು, ದೇಶಬಿಟ್ಟು ಹೋಗಬೇಕಾಯಿತು. ಕಾರ್ಖಾನೆಗಳನ್ನು ಸರಕಾರ ವಶಪಡಿಸಿಕೊಂಡಿತು. ಆಮೇಲೆ ಅವು ಕಾಮನ್‌ವೆಲ್ತ್ ಟ್ರಸ್ಟಿನ ಕೈಸೇರಿದುವು. ಎಂಭತ್ತು ವರ್ಷ ಕಟ್ಟಿದ್ದು ಒಂದು ಆಜ್ಞೆಯಿಂದ ಕೈಬಿಟ್ಟು ಹೋಯಿತು. ಸರಕಾರವು ನೆಯ್ಗೆಶಾಲೆಗೆ ಬೀಗ ಹಾಕಬಲ್ಲುದಾಗಿತ್ತು, ಹಂಚಿನ ಗೂಡಿನ ಬೆಂಕಿಯನ್ನು ನಂದಿಸಬಲ್ಲುದಾಗಿತ್ತು. ನಿಘಂಟುವನ್ನು ಜನರ ಮನೆಯಿಂದ ಹಿಂದಕ್ಕೆ ತೆಗೆಯಬಲ್ಲುದಾಗಿರಲಿಲ್ಲ. ಹಂಚು ಮಾಡುವ ವಿದ್ಯೆಯನ್ನೂ ತೆಗೆಯಬಲ್ಲುದಾಗಿರಲಿಲ್ಲ, ಏಕೆಂದರೆ ಅಷ್ಟು ಹೊತ್ತಿಗೆ ಊರಿನ ಇತರ ಧನಿಕರೂ ಹಂಚಿನ ಕಾರ್ಖಾನೆಗಳನ್ನು ತೆರೆದು, ‘ಮಂಗಳೂರು ಹಂಚು’ ಎಂಬುದು ಒಂದು ಮತದವರ ಸರಕಾಗಿರದೆ ಊರಿನ ಕೀರ್ತಿಯಾಗಿತ್ತು. ಮುಳಿಹುಲ್ಲಿನ ಮಾಡಿಗೆ ಬೆಂಕಿ ಬೀಳುವ ಭಯದಿಂದ ಎಷ್ಟೋ ಬಡ ಮನೆಗಳು ಪಾರಾದುವು. ಕಾಂಕ್ರೀಟು ಬಂದು ಈಚಿನ ದಶಕಗಳಲ್ಲಿ ಆ ಗೂಡುಗಳು ಒಂದೊಂದಾಗಿ ತಣ್ಣಗಾಗಿವೆಯೆಂಬುದು ಬೇರೆ ಮಾತು. ಸಭೆಯವರಿಗೆಂದು ಬೇಲಿಯೊಳಗೆ ಆರಂಭಿಸಿದ ಕೆಲಸವು ಬೇಲಿಯನ್ನು ದಾಟಿ ಊರಿನದಾದ ಮೇಲೆಯೇ ಚಿರವಾಯಿತು. ನನ್ನ ವಾದದ ತಿರುಳು ಇದು. ಊರಿನೆಲ್ಲರಿಗೂ ಬೇಕಾದ, ಊರಿನೆಲ್ಲರೂ ಬೆಲೆ ತೆರದೆ ಪಡೆಯಬಹುದಾದ ಕೆಲಸವೊಂದನ್ನು ಯಾವ ಸಭೆ ಹಿಡಿಯುವುದೋ ಅದು ಆ ಊರಿನಲ್ಲಿ ಬೇರು ಬಿಡುವುದು; ಬೆಲೆಯೆಂದು ನಾನು ಹೇಳುವುದು ಹಣವನ್ನೊಂದನ್ನೇ ಅಲ್ಲ.

ಇಲ್ಲಿ ತರುಣರು ಎದ್ದು ಕೇಳಬಹುದು: “ಹಾಗಾದರೆ ನಾವು ಸೇವಾಸಮಿತಿಯೊಂದನ್ನು ಸ್ಥಾಪಿಸಿದರೆ ಸಾಲದೆ? ಸಭೆಯೇಕೆ?” ಪ್ರಶ್ನೆ ಯುಕ್ತವಾದುದೇ. ಉತ್ತರವನ್ನು ಅವರ ಗ್ರಂಥದಿಂದಲೇ ತೆಗೆದುಕೊಳ್ಳಬಹುದು; ಮಿಶನ್ ಶಾಲೆಯಲ್ಲಿ ಓದಿದವರಿಗೆ ಅಷ್ಟು ಪರಿಚಯ ತಪ್ಪದು. ಜೆರೂಸಲೇಮಿನ ಮೊತ್ತಮೊದಲನೆಯ ಸಭೆಯಲ್ಲಿ ಹುಟ್ಟಿದ ಜಗಳ ಸಿದ್ಧಾಂತದ್ದಲ್ಲ, ಅನ್ನದ್ದು. ಗ್ರೀಕ್ ಮಾತನಾಡುವ ವಿಧವೆಯರಿಗೆ ದಿನದಿನದ ಹಂಚಿಕೆಯಲ್ಲಿ ಅನ್ಯಾಯವಾಗುತ್ತಿದೆಯೆಂದು ದೂರು ಬಂದಾಗ, ಅದನ್ನು ಸರಿಪಡಿಸಲು ಏಳು ಮಂದಿಯನ್ನು ಆರಿಸಿದರೆಂದು ಅಪೊಸ್ತಲರ ಕೃತ್ಯಗಳಲ್ಲಿದೆ. ಅಂದರೆ ಬಡಿಸುವ ಕೆಲಸ ಆ ಸಭೆಗೆ ಮೇಲುಖರ್ಚಿನ ಬಾಬ್ತಾಗಿರಲಿಲ್ಲ. ಅದರ ಅಡಿಗಲ್ಲಿನಲ್ಲಿಯೇ ಸೇರಿತ್ತು. ಹತ್ತು ಮಂದಿ ಕುಷ್ಠರೋಗಿಗಳು ಗುಣ ಹೊಂದಿದ ಕಥೆಯೂ ಅವರಿಗೆ ಗೊತ್ತಿದೆ. ಒಬ್ಬನೇ ಹಿಂದಿರುಗಿ ಬಂದು ವಂದಿಸಿದನು. ಬಾರದೆ ಹೋದ ಒಂಬತ್ತು ಮಂದಿಗೆ ರೋಗ ಮರಳಿ ಅಂಟಿತೆಂದು ಅಲ್ಲಿ ಬರೆದಿಲ್ಲ. ದಾರಿಯಲ್ಲಿ ಬಿದ್ದಿದ್ದವನನ್ನು ಎತ್ತಿಕೊಂಡು ಹೋಗಿ ಛತ್ರದವನಿಗೆ ಹಣ ಕೊಟ್ಟ ಸಮಾರ್ಯದವನು, ಗಾಯ ಮಾಯ್ದ ಮೇಲೆ ನಮ್ಮ ಬೆಟ್ಟಕ್ಕೆ ಬಂದು ಪೂಜೆ ಮಾಡೆಂದು ಚೀಟಿ ಬರೆದಿಟ್ಟು ಹೋಗಲಿಲ್ಲ. ಇಂತಹ ಕಥೆಗಳನ್ನು ಪ್ರತಿವಾರ ಓದುವವರು, ತಮ್ಮ ಪಟ್ಟಿಯಲ್ಲಿ ಸೇವೆಯನ್ನು ಆಕರ್ಷಣೆಯ ಬಾಬ್ತಿಗೆ ಸೇರಿಸಿದರೆ, ಅದಕ್ಕೆ ಹೊರಗಿನವರು ಏಕೆ ಆಕ್ಷೇಪಿಸಬೇಕು? ಅವರ ಗ್ರಂಥವೇ ಆಕ್ಷೇಪಿಸುತ್ತದೆ.

ಸಭೆ ಸಭೆಯಾಗಿಯೇ ಇರಲಿ. ಅದು ಆರಾಧಿಸಲಿ, ಹಾಡಲಿ, ತನ್ನ ನಂಬಿಕೆಯನ್ನು ಬಾಗಿಲು ತೆರೆದಿಟ್ಟು ಹೇಳಲಿ. ಕೇಳಬಂದವನಿಗೆ ಉತ್ತರ ಕೊಡುವುದನ್ನು ಯಾರೂ ತಪ್ಪೆನ್ನರು. ಆದರೆ ಔಷಧದ ಸೀಸೆಗೆ ಉಪದೇಶದ ಚೀಟಿಯನ್ನು ಅಂಟಿಸಿ ಕೊಡಕೂಡದು. ರೋಗಿಗೆ ಬೇಡವೆನ್ನುವ ಸ್ವಾತಂತ್ರ್ಯವಿಲ್ಲ. ಸ್ವಾತಂತ್ರ್ಯವಿಲ್ಲದವನು ಕೊಟ್ಟ ಒಪ್ಪಿಗೆಯನ್ನು ದೇವರು ಲೆಕ್ಕಕ್ಕೆ ಹಿಡಿಯುವನೆಂದು ನನಗೆ ತೋರುವುದಿಲ್ಲ. ‘ಆಮಿಷ’ವೆಂಬ ಶಬ್ದಕ್ಕೆ ಮೂಲದಲ್ಲಿ ಮಾಂಸವೆಂದೇ ಅರ್ಥ, ಗಾಳದ ತುದಿಯ ತುಣುಕಿಗೆ ಆ ಮಾತು ಆಮೇಲೆ ಸಂದಿತು. ೨೦೨೨ರಲ್ಲಿ ಕರ್ನಾಟಕದ ವಿಧಾನಮಂಡಲವು ಒಪ್ಪಿದ ಮತಾಂತರ ಸಂಬಂಧವಾದ ಕಾಯಿದೆಯಲ್ಲಿ ಈ ಶಬ್ದವೇ ಪ್ರಧಾನವಾಗಿತ್ತು. ಮರುವರ್ಷ ಅಧಿಕಾರಕ್ಕೆ ಬಂದ ಬೇರೊಂದು ಮಂತ್ರಿಮಂಡಲವು ಅದನ್ನು ಹಿಂತೆಗೆಯಬೇಕೆಂದು ತೀರ್ಮಾನಿಸಿತು. ಆ ಕಾಯಿದೆಯ ಗುಣದೋಷಗಳು ಇಲ್ಲಿ ಪ್ರಕೃತವಲ್ಲ. ದಯೆ ಎಲ್ಲಿ ಮುಗಿಯಿತು, ಆಮಿಷ ಎಲ್ಲಿ ಆರಂಭವಾಯಿತು ಎಂಬುದನ್ನು ಪೋಲೀಸು ಠಾಣೆಯಲ್ಲಿ ಅಳೆಯುವುದು ಕಷ್ಟ. ಕೊಡುವವನ ಅಂದಾಜುಪಟ್ಟಿಯಲ್ಲಿ ಅಳೆಯುವುದು ಅಷ್ಟು ಕಷ್ಟವಲ್ಲ.

ಇನ್ನು ವಕೀಲರ ಕಡೆಗೆ ತಿರುಗುತ್ತೇನೆ. ನಗುವುದು ಸುಲಭ, ನಕ್ಕ ಮೇಲೆ ಆ ಬಡಾವಣೆಯ ರೋಗಿಗೆ ಯಾರು ನೀರು ಕೊಡುವರೆಂಬ ಪ್ರಶ್ನೆ ಹಾಗೆಯೇ ಉಳಿಯುತ್ತದೆ. ರೋಮಿನ ಚಕ್ರವರ್ತಿ ಯೂಲಿಯನನು ಕ್ರೈಸ್ತಮತದ ಕಡುವೈರಿ. ಹಳೆಯ ದೇವತೆಗಳ ಆರಾಧನೆಯನ್ನು ಮರಳಿ ನಿಲ್ಲಿಸಲು ಹೆಣಗಿದವನು. ೩೬೨ರಲ್ಲಿ ಅವನು ಗಲಾತ್ಯ ಪ್ರಾಂತದ ತನ್ನ ಮುಖ್ಯ ಅರ್ಚಕನಿಗೆ ಬರೆದ ಕಾಗದವೊಂದು ಉಳಿದುಬಂದಿದೆ. ಈ ಕ್ರೈಸ್ತರು ತಮ್ಮ ಬಡವರನ್ನಷ್ಟೇ ಅಲ್ಲದೆ ನಮ್ಮ ಬಡವರನ್ನೂ ಸಾಕುತ್ತಿರುವಾಗ ನಮ್ಮವರು ಕೈಕಟ್ಟಿ ಕುಳಿತಿರುವುದು ನಾಚಿಕೆಗೇಡೆಂದು ಅದರಲ್ಲಿ ಅವನು ಕೊರಗಿದ್ದಾನೆ. ಆದರೆ ಅವನು ಅಲ್ಲಿಗೆ ನಿಲ್ಲಲಿಲ್ಲ. ಪ್ರತಿ ಪಟ್ಟಣದಲ್ಲಿಯೂ ಧರ್ಮಛತ್ರಗಳನ್ನು ತೆರೆಯಿರಿ, ಅನ್ಯರಿಗೂ ಆಶ್ರಯ ಕೊಡಿರಿ ಎಂದು ಅಪ್ಪಣೆ ಮಾಡಿ ಧಾನ್ಯವನ್ನೂ ದ್ರಾಕ್ಷಾರಸವನ್ನೂ ಒದಗಿಸಿದನು. ವೈರಿಯಾದರೆ ಹೀಗಿರಬೇಕು! ಗಾಳವೆಂದು ಬೈಯುವವನು ಗಾಳವಿಲ್ಲದೆ ಅನ್ನವಿಕ್ಕಿ ತೋರಿಸಲಿ.

ತೋರಿಸಿದವರೂ ನಮ್ಮ ಊರಿನಲ್ಲಿ ಇದ್ದರು. ಕುದ್ಮುಲ್ ರಂಗರಾಯರು ಸಾರಸ್ವತ ಬ್ರಾಹ್ಮಣರು, ಬ್ರಾಹ್ಮಸಮಾಜಕ್ಕೆ ಸೇರಿದವರು. ೧೮೯೨ರಲ್ಲಿ ಅಸ್ಪೃಶ್ಯರೆನಿಸಿದ್ದವರ ಮಕ್ಕಳಿಗೆ ಶಾಲೆ ತೆರೆದರು. ೧೮೯೭ರಲ್ಲಿ ದಲಿತವರ್ಗಗಳ ಸೇವೆಗೆಂದೇ ಸಂಸ್ಥೆಯನ್ನು ಸ್ಥಾಪಿಸಿದರು. ತಮ್ಮ ಜಾತಿಯವರ ಬಹಿಷ್ಕಾರವನ್ನು ಹೊತ್ತರು. ಬೀದಿಯಲ್ಲಿ ಅವಮಾನ ಪಟ್ಟರು. ೧೯೨೮ರಲ್ಲಿ ತೀರಿಕೊಳ್ಳುವವರೆಗೂ ಬಿಡಲಿಲ್ಲ. ಅದೇ ಕಾಲದಲ್ಲಿ, ಊರಿನ ಇನ್ನೊಂದು ದಿಕ್ಕಿನಲ್ಲಿ, ಜೆಸ್ವಿತರ ಸಂಘದ ಪಾದ್ರಿ ಮುಲ್ಲರರು ೧೮೮೦ರಿಂದ ಬಡವರಿಗೆ ಹೋಮಿಯೋಪತಿ ಔಷಧವನ್ನು ಕೊಡುತ್ತಿದ್ದರು. ೧೮೯೦ರಲ್ಲಿ ಕಂಕನಾಡಿಯಲ್ಲಿ ಕುಷ್ಠರೋಗಿಗಳಿಗೆ ಆಶ್ರಯವನ್ನು ಕಟ್ಟಿದರು. ಮನೆಯವರೇ ಹೊರಗೆ ಹಾಕಿದ್ದವರನ್ನು ಒಳಗೆ ಕರೆದುಕೊಂಡವರ ಮೇಲೆ ಗಾಳದ ಆರೋಪವನ್ನು ಹೊರಿಸಬೇಕಾದರೆ, ಆ ಮೀನನ್ನು ನಾವೇ ದಡಕ್ಕೆ ಎಸೆದಿದ್ದೆವೆಂಬುದನ್ನು ಮೊದಲು ಒಪ್ಪಿಕೊಳ್ಳಬೇಕು. ರಂಗರಾಯರೂ ಮುಲ್ಲರರೂ ಬೇರೆಬೇರೆ ದೇವಾಲಯಗಳಿಗೆ ಹೋಗುವವರು. ಊರಿಗೆ ಅದರಿಂದ ನಷ್ಟವಾಯಿತೆ?

ಇಷ್ಟು ಹೇಳಿ, ತರುಣರು ಮಾಡತಕ್ಕದ್ದೇನೆಂಬುದನ್ನು ಹೇಳದೆ ಹೋದರೆ ನಾನೂ ಆರಾಮಕುರ್ಚಿಯವನೇ ಆಗುವೆನು. ಅವರು ಮೊದಲ ಆರು ತಿಂಗಳು ಏನನ್ನೂ ಸ್ಥಾಪಿಸದಿರಲಿ. ಬಡಾವಣೆಯ ಬೀದಿಬೀದಿಗಳಲ್ಲಿ ನಡೆದಾಡಲಿ. ಇಂದಿನ ಮಂಗಳೂರು ೧೮೩೪ರದ್ದಲ್ಲ; ಶಾಲೆಗಳಿಗೂ ಮುದ್ರಣಾಲಯಗಳಿಗೂ ಇಲ್ಲಿ ಕೊರತೆಯಿಲ್ಲ. ಮತ್ತೊಂದು ಆಂಗ್ಲ ಶಾಲೆಯನ್ನು ತೆರೆದು ಅದಕ್ಕೆ ಸೇವೆಯೆಂದು ಹೆಸರಿಡುವುದಾದರೆ, ದಯವಿಟ್ಟು ಬೇಡ. ಆದರೆ ಬಹುಮಹಡಿಯ ಕಟ್ಟಡ ಎದ್ದಲ್ಲೆಲ್ಲ ಅದರ ಬುಡದಲ್ಲಿ ತಗಡಿನ ಜೋಪಡಿಗಳಿವೆ. ಬಾಗಿಲಕೋಟೆ, ಗದಗ, ಕೊಪ್ಪಳಗಳ ಕಡೆಯಿಂದ ಬಂದವರು, ಒಡಿಶಾ, ಬಂಗಾಳ, ಝಾರ್ಖಂಡಗಳಿಂದ ಬಂದವರು ಅಲ್ಲಿದ್ದಾರೆ. ಕಟ್ಟಡ ಮುಗಿದೊಡನೆ ಅವರು ಬೇರೆಡೆಗೆ ಹೋಗಬೇಕು. ಮಕ್ಕಳ ಓದು ಅಲ್ಲಿಗೆ ತುಂಡಾಗುವುದು. ಆ ಮಕ್ಕಳ ಕೈಹಿಡಿದು ಹತ್ತಿರದ ಸರಕಾರಿ ಕನ್ನಡ ಶಾಲೆಗೆ ಕರೆದೊಯ್ದು ಸೇರಿಸುವುದು, ಸಂಜೆ ಪಾಠ ಹೇಳಿಕೊಡುವುದು, ಸ್ಥಳ ಬಿಡುವಾಗ ಮುಂದಿನ ಶಾಲೆಗೆ ಕಾಗದಪತ್ರ ಒದಗಿಸುವುದು: ಇದಕ್ಕೆ ನಾಮಫಲಕ ಬೇಡ, ಧ್ವನಿವರ್ಧಕ ಬೇಡ. ಅದೇ ಬಡಾವಣೆಯ ಚೊಕ್ಕವಾದ ಮನೆಗಳಲ್ಲಿ, ಮಕ್ಕಳು ಕೊಲ್ಲಿಯ ದೇಶಗಳಲ್ಲಿಯೋ ಬೆಂಗಳೂರಿನಲ್ಲಿಯೋ ನೆಲೆಸಿದ ಮೇಲೆ, ಮುದುಕರಿಬ್ಬರು ಒಬ್ಬರ ಔಷಧವನ್ನೊಬ್ಬರು ನೆನಪಿಸಿಕೊಳ್ಳುತ್ತ ಕುಳಿತಿರುತ್ತಾರೆ. ಇನ್ನು ಆಸ್ಪತ್ರೆ. ಹೊರ ಜಿಲ್ಲೆಗಳಿಂದಲೂ ಕಾಸರಗೋಡಿನ ಕಡೆಯಿಂದಲೂ ಜನರು ಚಿಕಿತ್ಸೆಗೆಂದು ಮಂಗಳೂರಿಗೆ ಬರುತ್ತಾರೆ. ರೋಗಿಗೆ ಮಂಚ ಸಿಗುತ್ತದೆ, ಜೊತೆಗೆ ಬಂದವರಿಗೆ ಸಿಗುವುದಿಲ್ಲ. ಊರು ತಿಳಿಯದ, ಅರ್ಜಿಯ ನಮೂನೆ ತುಂಬಲು ಬಾರದ, ರಾತ್ರಿ ಎಲ್ಲಿ ಉಣ್ಣಬೇಕೆಂದು ಅರಿಯದ ಅವರ ಪಕ್ಕದಲ್ಲಿ ಒಂದು ಗಂಟೆ ಕುಳಿತುಕೊಳ್ಳಲು ಇನ್ನೂರು ಕುರ್ಚಿ ಬೇಕಾಗುವುದಿಲ್ಲ.

ಇವುಗಳಲ್ಲಿ ಒಂದನ್ನು ಹಿಡಿಯಲಿ, ಹತ್ತನ್ನಲ್ಲ. ಅದನ್ನು ಈಗಾಗಲೇ ಮಾಡುತ್ತಿರುವವರಿದ್ದರೆ, ಅವರು ದೇವಸ್ಥಾನದವರಾಗಲಿ ಮಸೀದಿಯವರಾಗಲಿ, ಅವರ ಕೈಕೆಳಗೆ ನಿಂತು ಕಲಿಯಲಿ. ಹೊಸ ಸಭೆಗೆ ಇದಕ್ಕಿಂತ ಕಠಿನವಾದ ವ್ರತವಿಲ್ಲವೆಂದು ನಾನು ಬಲ್ಲೆ. ತಮ್ಮದೇ ಹೆಸರಿನ ಫಲಕವಿಲ್ಲದ ಕಡೆ ಬೆವರು ಸುರಿಸುವುದು ಯಾವ ಮತದವರಿಗೂ ಸುಲಭವಲ್ಲ. ಎಲ್ಲಿಂದ ಎಷ್ಟು ಹಣ ಬಂದಿತು, ಯಾವುದಕ್ಕೆ ಹೋಯಿತು ಎಂಬುದನ್ನು ಕನ್ನಡದಲ್ಲಿ ಬರೆದು ಬಾಗಿಲ ಹೊರಗೆ ಅಂಟಿಸಲಿ. ದೂರದ ಕೊಡುಗೆಯ ಮೇಲೆ ಭಾರ ಹಾಕಿದ ಸಭೆಗೆ ೧೯೧೪ರಲ್ಲಿ ಒದಗಿದ ಗತಿಯನ್ನು ಮರೆಯದಿರಲಿ. ಮತ್ತು ಮಕ್ಕಳ ಪಾಠ ನಡೆಯುವಲ್ಲಿ ಪ್ರಾರ್ಥನೆಯ ಕರಪತ್ರ ಹಂಚಕೂಡದೆಂಬುದನ್ನು ಇತರರು ಹೇಳುವುದಕ್ಕೆ ಮೊದಲೇ ತಾವೇ ನಿಯಮ ಮಾಡಿಕೊಳ್ಳಲಿ. ಹೀಗೆ ನಡೆದರೆ ಸಭೆ ಬೆಳೆಯುವುದೇ? ಬೆಳೆಯದೆಯೂ ಇರಬಹುದು. ಹನ್ನೆರಡು ಮಂದಿಯಲ್ಲಿಯೇ ನಿಲ್ಲಬಹುದು. ಅವರ ಗುರುವಿಗೂ ಮೊದಲಿಗೆ ಅಷ್ಟೇ ಮಂದಿಯಿದ್ದರೆಂಬುದು ಅವರಿಗೆ ಸಮಾಧಾನವಾಗದಿದ್ದರೆ, ನಾನು ಬೇರೆ ಸಮಾಧಾನವನ್ನು ಹೇಳಲಾರೆನು.

ಈ ಲೇಖನದ ಬಹುಭಾಗವನ್ನು ಬರೆದ ಮೇಲೆ, ಕಳೆದ ವಾರ ಆ ತರುಣರನ್ನು ಮತ್ತೆ ಕಂಡೆನು. ಅವರ ಪಟ್ಟಿ ನನ್ನಲ್ಲಿಯೇ ಉಳಿದಿತ್ತು. ಅದರ ಕೊನೆಯ ಸಾಲಿನಲ್ಲಿದ್ದ ‘ಜನರನ್ನು ಆಕರ್ಷಿಸುವುದಕ್ಕಾಗಿ’ ಎಂಬ ಮಾತಿನ ಮೇಲೆ ಪೆನ್ಸಿಲಿನಿಂದ ಗೆರೆ ಎಳೆದು, ಆ ಸಾಲನ್ನು ಪುಟದ ತಲೆಗೆ ಏರಿಸಿ, ಕುರ್ಚಿಗಳ ಅಂಕಿಯಲ್ಲಿ ಒಂದು ಸೊನ್ನೆಯನ್ನು ಹೊಡೆದು ಹಿಂದಕ್ಕೆ ಕೊಟ್ಟೆನು. ಅವರು ಬಹಳ ಹೊತ್ತು ಅದನ್ನು ನೋಡುತ್ತ ನಿಂತು, “ಈ ಪಟ್ಟಿಯನ್ನು ತೋರಿಸಿದರೆ ನನಗೆ ಹಣ ಕೊಡುವೆವೆಂದವರು ಕೊಡಲಾರರು” ಎಂದರು. ಇರಬಹುದೆಂದೆನು. ವಕೀಲರ ಮನೆ ಎಲ್ಲಿಯೆಂದು ಕೇಳಿದರು, ಹೇಳಿದೆನು. ಮಳೆ ಬಿಡುವುದನ್ನು ಕಾಯದೆ ಪಟ್ಟಿಯನ್ನು ಮಡಿಚಿ ಅಂಗಿಯೊಳಗಿಟ್ಟುಕೊಂಡು ಅತ್ತ ಕಡೆಗೇ ನಡೆದರು.